ಎರಡು ಬೆರಳು ಕಿಟಕಿ

ಇಪ್ಪತ್ತೆರಡು ವರ್ಷ ಆತು ನಾನು ಕಂಬ ಹತ್ತಲಿಕ್ಕೆ.
ಬೀದರಿನ ಯಾವ ಓಣಿಗೆ ಯಾವ ಟಿಸಿ,
ಯಾವ ಟಿಸಿ ಎಂಥಾ ಗಾಳಿಗೆ ಕೆಮ್ಮತದ,
ನಿದ್ದಿಗಣ್ಣಾಗೂ ಹೇಳೇನು.
ಅದಕ್ಕೇ ಅಂತೀನಿ, ಕರೆಂಟ್ ನಂಬಬ್ಯಾಡ್ರಿ.
(ಸಾಹೇಬರ ಕಿವಿಗೆ ಇದು ಬೀಳೂದು ಬ್ಯಾಡ.)

ಡಿಸೆಂಬರಿನಾಗ ಮಗಳು ಹಡದಳು, ಎಂಟು ತುಂಬೂದರೊಳಗ.
ಕೂಸು ಒಂದೂ ಮುಕ್ಕಾಲು ಕೇಜಿ.
ತಕ್ಕಡಿ ಮ್ಯಾಲ ಇಟ್ಟರ ಮುಳ್ಳು
ಅಲುಗಲೋ ಬ್ಯಾಡೋ ಅಂತ ವಿಚಾರ ಮಾಡ್ತು.
ಹದಿನೇಳು ದಿನ ಗಾಜಿನ ಪೆಟ್ಟಿಗ್ಯಾಗ ಇಟ್ಕೊಂಡು
'ಇನ್ನ ಮನಿಗೆ ಒಯ್ರಿ, ಖೋಲಿ ಬೆಚ್ಚಗಿರಲಿ' ಅಂದ್ರು ಡಾಕ್ಟರು.

ಮನಿ ಅಂದ್ರ ಚಿದ್ರಿ ರೋಡಿನ ಒಳಗಿಂದೊಳಗ ಎರಡು ಖೋಲಿ,
ಕೆಂಪುಕಲ್ಲಿನ ಗ್ವಾಡಿ, ಮ್ಯಾಲ ತಗಡು.
ಹಗಲೆಲ್ಲ ಬಿಸಿಲು ಕುಡಿದ ಕಲ್ಲು
ನಡುರಾತ್ರಿಗೆ ಉಪಕಾರ ಮರೀತದ;
ತಗಡಿಗಂತೂ ಮೊದಲಿಂದಲೇ ನೆನಪಿಲ್ಲ.

ಕಾಯಿಲ್ ಹೀಟರ್ ತಂದೆ. ಮೀಟರ್ ಓಡ್ತು, ಓಡಲಿ.
ಮೂರನೇ ರಾತ್ರಿ ಲೈನ್ ಹೋತು.
ಕೆಂಪಗಿದ್ದ ತಂತಿ ನನ್ನ ಮುಂದೇ ಕಪ್ಪಾತು.
ಹೆಂಡತಿ ದೀನಮ್ಮ ಏನೂ ಅನಲಿಲ್ಲ,
ನನ್ನ ಇಲಾಖೆಯ ಸ್ವೆಟರ್ ಒಮ್ಮೆ ನೋಡಿದಳು, ಅಷ್ಟೆ.

ನೆಗೆಣ್ಣಿ ಇದ್ದಲಿ ಸಿಗಡಿ ಹೊತಗೊಂಡು ಬಂದಳು.
ಮಾರ್ಥಾ ಸಿಸ್ಟರ್ ಬಾಗಿಲದಾಗೇ ತಡದ್ರು:
'ಇದರ ವಿಷಕ್ಕ ವಾಸನಿ ಇಲ್ಲಮ್ಮ,
ಮಲಗಿದವರನ್ನ ಎಬ್ಬಸೂದಿಲ್ಲ ಅದು.'

ಉಸ್ಮಾನ್‌ಗಂಜಿನ ವಹೀದಭಾಯಿ ಅಂಗಡಿಗೆ ಹೋದೆ.
ಗ್ಯಾಸ್ ಹೀಟರ್ ಮೂರು ತರಾ ತೋರಿಸಿದ.
ಹಾಳಾದ್ದು ಕಡಿಮಿ ರೇಟಿಂದು ಬಾಳ ಚಂದಿತ್ತು.
ಅದನ್ನ ಕಾಲಿಲೆ ಹಿಂದಕ್ಕ ಸರಿಸಿ
'ಕೂಸಿನ ಖೋಲಿಗಲ್ಲ ಇದು' ಅಂದ.
'ತುಟ್ಟೀದು ತಗೋ. ಗಾಳಿ ಕಡಿಮ್ಯಾದ್ರ ತಾನೇ ಆರತದ.
ಆದ್ರೂ ಕಿಟಕಿ ಎರಡು ಬೆರಳು ತೆರದಿಡು.'

'ಏನಪಾ, ರೊಕ್ಕ ಕೊಟ್ಟು ಕಾವು ಕೊಳ್ಳೂದು,
ಪುಕ್ಕಟೆ ಥಂಡಿ ಒಳಗ ಕರಿಯೂದು?'
'ಹೌದು. ಬೆಂಕಿನೂ ಉಸಿರಾಡ್ತದ, ಕೂಸಿನ ಜೋಡಿ.
ಇಬ್ಬರಿಗೂ ಸಾಲಬೇಕಲ್ಲ.'

ಡಬಲ್ ಸಿಲಿಂಡರಿಗೆ ಬರಸಿ,
ತುಂಬಿದ್ದು ಹೆಗಲ ಮ್ಯಾಲ ತಂದು ಮೂಲ್ಯಾಗ ಇಳಿಸಿದೆ.
ಒಂದೂ ಮುಕ್ಕಾಲು ಕೇಜಿ ಜೀವಕ್ಕ
ಹದಿನಾಲ್ಕು ಕೇಜಿ ಕಾವಲು.
ಸಾಬೂನು ನೊರಿ ಹಚ್ಚಿ ಪೈಪು ನೋಡಿದೆ; ಗುಳ್ಳಿ ಏಳಲಿಲ್ಲ.
ಮತ್ತೊಮ್ಮೆ ನೋಡಿದೆ.

ಸಿಸ್ಟರ್ ಬಂದು ಎಲ್ಲಾ ನೋಡಿ, ನಕ್ಕು,
ಮಗಳ ಸೆರಗು ಸರಿಸಿ ಕೂಸಿನ್ನ ಬರೇ ಎದಿಗೆ ಆನಿಸಿ
ಮ್ಯಾಲ ದುಪ್ಪಟಿ ಹೊದಿಸಿದ್ರು.
'ಮೊದಲನೇ ಹೀಟರ್ ಇದು.
ಕರೆಂಟು, ಗ್ಯಾಸು, ನೀನು,
ಎಲ್ಲಾ ಬ್ಯಾಕಪ್.'

ಜನವರಿ. ರಾತ್ರಿ ಎರಡೂ ಕಾಲಿಗೆ ಫೋನು:
ಬೇವಿನ ಟೊಂಗಿ ಬಿದ್ದು ಜಂಪರ್ ಹರದದ.
ನಮ್ಮದೇ ಫೀಡರ್.
ಲೈನ್ ಕ್ಲಿಯರ್ ತಗೊಂಡು ಏರಿದೆ.
ಕೈಗವಸಿನಾಗ ಬೆರಳು ಯಾರವೋ ಅನಸ್ತಿದ್ದವು.
ಊರೆಲ್ಲ ಮಸಿ. ಕೋಟಿ ಸುದ್ದಾ ಮಸಿ.
ಅಲ್ಲಿ ಮಾತ್ರ, ತಗಡಿನ ಕೆಳಗ,
ಎರಡು ಬೆರಳಿನಷ್ಟು ಕೇಸರಿ ಗೀರು.

ದೀನಮ್ಮ ಎಚ್ಚರ ಇದ್ದಾಳ.
ಹಚ್ಚಿ ಮಲಗೂದಲ್ಲ ಅಂತ ಕರಾರು ನಮ್ಮೊಳಗ.

ಖರೇ ಹೇಳತೀನಿ, ಇದನ್ನೂ ಸಾಹೇಬರಿಗೆ ಹೇಳಬ್ಯಾಡ್ರಿ:
ತಂತಿ ಕೈಯಾಗಿತ್ತು, ಇಕ್ಕಳ ಕೈಯಾಗಿತ್ತು,
ನಾನು ಸುಮ್ಮನ ನೋಡಿಕೋತ ನಿಂತಿದ್ದೆ.
ಕೆಳಗಿಂದ ಯಾರೋ ಮಫ್ಲರಿನೊಳಗಿಂದ ಚೀರಿದ್ರು,
'ಏ ಲೈನ್‌ಮನ್, ಆತೇನು?'

'ಆಗ್ತದ ತಡೀರಿ' ಅಂದೆ.